ಇನ್ನೊಂದು ಎಕರೆಯೂ ಇಲ್ಲ

2024ರ ನವೆಂಬರಿನಲ್ಲಿ ಒಂದು ವಿಡಿಯೊ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಸುತ್ತಾಡಿತು. ನ್ಯೂಜಿಲೆಂಡಿನ ಸಂಸತ್ತು. 22 ವರ್ಷದ ಸಂಸದೆ ಹಾನಾ-ರಾಫಿತಿ ಮೈಪಿ-ಕ್ಲಾರ್ಕ್ ಎದ್ದು ನಿಂತು, ಕೈಲಿದ್ದ ಮಸೂದೆಯ ಪ್ರತಿಯನ್ನು ಹರಿದು, ಕಣ್ಣರಳಿಸಿ ‘ಹಾಕಾ’ ಎಂಬ ಅಬ್ಬರದ ಕುಣಿತ ಶುರು ಮಾಡುತ್ತಾರೆ. ಅಕ್ಕಪಕ್ಕದ ಸದಸ್ಯರು, ಮೇಲೆ ಗ್ಯಾಲರಿಯಲ್ಲಿ ಕೂತವರು ದನಿಗೂಡಿಸುತ್ತಾರೆ. ಸ್ಪೀಕರ್ ಕಲಾಪ ನಿಲ್ಲಿಸುತ್ತಾರೆ. ವಿಡಿಯೊ ಹಂಚಿಕೊಂಡು ರೋಮಾಂಚನಗೊಂಡವರು ಬಹಳ. ಹರಿದ ಆ ಕಾಗದದಲ್ಲಿ ಏನಿತ್ತು ಎಂದು ಕೇಳಿದವರು ಕಡಿಮೆ. ಅದೇ ದಿನ ದೇಶದ ಉತ್ತರದ ತುದಿಯಿಂದ ಹೊರಟ ಸಾವಿರಾರು ಜನ ರಾಜಧಾನಿ ವೆಲಿಂಗ್ಟನ್ನಿನ ದಾರಿ ಹಿಡಿದಿದ್ದರು ಎಂಬುದಂತೂ ಆ ವಿಡಿಯೊದಲ್ಲಿ ಕಾಣುವಂತಿರಲಿಲ್ಲ.

ವೆಲಿಂಗ್ಟನ್ ಎಂದರೆ ನಮ್ಮ ಓದುಗರಿಗೆ ನೆನಪಾಗುವುದು ಕ್ರಿಕೆಟ್. ಬೆಂಗಳೂರಿನ ತಂದೆ-ತಾಯಿಯ ಮಗ ರಚಿನ್ ರವೀಂದ್ರ ಹುಟ್ಟಿದ್ದು ಅಲ್ಲೇ. ಹಸಿರು ಹುಲ್ಲುಗಾವಲು, ಕುರಿಮಂದೆ, ಸಭ್ಯ ಆಟಗಾರರ ದೇಶ ಎಂದು ನಾವು ಮೆಚ್ಚಿಕೊಂಡ ಆ ನಾಡಿನ ಹುಲ್ಲುಗಾವಲುಗಳೆಲ್ಲ ಒಂದು ಕಾಲಕ್ಕೆ ಯಾರ ಜಮೀನಾಗಿದ್ದವು, ಹೇಗೆ ಕೈತಪ್ಪಿದವು ಎಂಬ ಪ್ರಶ್ನೆಯನ್ನು ಹೊತ್ತು ಅಲ್ಲಿನ ಮೂಲನಿವಾಸಿ ಮಾವೊರಿ ಜನ ಐವತ್ತು ವರ್ಷಗಳಿಂದ ಮತ್ತೆ ಮತ್ತೆ ನಡೆಯುತ್ತಿದ್ದಾರೆ. ಆ ನಡಿಗೆಯನ್ನು ಅವರು ‘ಹೀಕೊಯಿ’ ಎನ್ನುತ್ತಾರೆ. ಈಗ ನಡೆಯುವ ಹೀಕೊಯಿಗಳಿಗೆಲ್ಲ ಮೂಲ 1975ರ ಒಂದು ಪಾದಯಾತ್ರೆ. ಅದರ ಮುಂದಾಳು 79 ವರ್ಷದ ಒಬ್ಬ ಮುದುಕಿ.

ಫೀನಾ ಕೂಪರ್ ಹುಟ್ಟಿದ್ದು 1895ರಲ್ಲಿ, ಉತ್ತರದ ಹೊಕಿಯಾಂಗ ಸೀಮೆಯಲ್ಲಿ. ತಂದೆ ಹೆರೆಮಿಯಾ ತೆ ವಾಕೆ ಆ ಕಡೆಯ ಮುಖಂಡ. ಆಕೆಗೆ ಹದಿನೆಂಟು-ಹತ್ತೊಂಬತ್ತು ವಯಸ್ಸಾಗಿದ್ದಾಗ ಊರವರು ತಲೆತಲಾಂತರದಿಂದ ಚಿಪ್ಪು-ಮೀನು ಹೆಕ್ಕುತ್ತಿದ್ದ ಕೆಸರುಬಯಲನ್ನು ಒಬ್ಬ ಬಿಳಿಯ ರೈತನಿಗೆ ಗುತ್ತಿಗೆ ಕೊಡಲಾಯಿತು. ನೀರು ಬಸಿದು ಹೋಗಲೆಂದು ಆತ ಕಾಲುವೆ ತೋಡಲು ಹೊರಟ. ಅವನು ತೋಡಿದ್ದನ್ನು ಫೀನಾ ಮತ್ತು ಸಂಗಡಿಗರು ಹಿಂದಿನಿಂದ ಮುಚ್ಚುತ್ತ ಹೋದರು. ಅತಿಕ್ರಮಣದ ದೂರು ಬಂತು. ಆದರೆ ಕೊನೆಗೆ ಗುತ್ತಿಗೆ ರದ್ದಾಯಿತು. ಮುಂದೆ ಆಕೆ ಅಂಗಡಿ ನಡೆಸಿದರು, ಶಾಲೆಯಲ್ಲಿ ಕಲಿಸಿದರು, 1930ರ ದಶಕದಲ್ಲಿ ಅಪಿರಾನಾ ನ್ಗಾತಾ ಎಂಬ ಮಾವೊರಿ ಮಂತ್ರಿಯ ಭೂ ಅಭಿವೃದ್ಧಿ ಯೋಜನೆಗಳನ್ನು ತಮ್ಮ ಸೀಮೆಯಲ್ಲಿ ನಿಂತು ಮಾಡಿಸಿದರು. 1951ರಲ್ಲಿ ಮಾವೊರಿ ಮಹಿಳಾ ಕಲ್ಯಾಣ ಸಂಘ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷೆಯಾದರು. ಸರ್ಕಾರದೊಂದಿಗೆ ಕೂತು ಮಾತಾಡಿ ಕೆಲಸ ಮಾಡಿಸಿಕೊಳ್ಳುವುದರಲ್ಲಿ ಪಳಗಿದ ಹಿರಿಯಳು ಆಕೆ, ಬಂಡಾಯಗಾರ್ತಿಯಲ್ಲ. ಅಂಥವರೇ ಬೀದಿಗಿಳಿಯಬೇಕಾಯಿತು ಎಂದ ಮೇಲೆ ಪರಿಸ್ಥಿತಿ ಎಲ್ಲಿಗೆ ಮುಟ್ಟಿತ್ತು ಎಂದು ಊಹಿಸಬಹುದು.

ಕಾಗದದಲ್ಲಿ ಹೋದ ನೆಲ

1840ರ ಫೆಬ್ರುವರಿ 6ರಂದು ವೈತಂಗಿ ಎಂಬಲ್ಲಿ ಬ್ರಿಟಿಷ್ ರಾಣಿಯ ಪರವಾಗಿ ಕ್ಯಾಪ್ಟನ್ ವಿಲಿಯಂ ಹಾಬ್ಸನ್ ಮತ್ತು ಮಾವೊರಿ ಮುಖಂಡರು ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಮುಂದಿನ ತಿಂಗಳುಗಳಲ್ಲಿ ಸಹಿ ಹಾಕಿದ ಮುಖಂಡರ ಸಂಖ್ಯೆ 500 ದಾಟಿತು. ಹೆಚ್ಚಿನವರು ಸಹಿ ಹಾಕಿದ್ದು ಮಾವೊರಿ ಪ್ರತಿಗೆ. ಇಂಗ್ಲಿಷ್ ಪ್ರತಿಯಲ್ಲಿ ಸಾರ್ವಭೌಮತ್ವವನ್ನೇ ಬಿಟ್ಟುಕೊಟ್ಟಂತೆ ಇದೆ. ಮಾವೊರಿ ಪ್ರತಿಯಲ್ಲಿ ಆಡಳಿತ ಮಾಡಲು ಒಪ್ಪಿಗೆ ಕೊಟ್ಟು, ತಮ್ಮ ನೆಲದ ಮೇಲಿನ ಪೂರ್ಣ ಅಧಿಕಾರವನ್ನು ಉಳಿಸಿಕೊಂಡಂತೆ ಇದೆ. ಇಂದಿನವರೆಗಿನ ಜಗಳದ ಬೇರು ಇಲ್ಲೇ ಇದೆ.

ಆಗ ದೇಶದ ಒಟ್ಟು 6.6 ಕೋಟಿ ಎಕರೆಯಷ್ಟು ನೆಲ ಮಾವೊರಿಗಳದ್ದು. 1975ರ ಹೊತ್ತಿಗೆ ಅವರ ಬಳಿ ಉಳಿದದ್ದು ನೂರಕ್ಕೆ ಐದರ ಆಸುಪಾಸು. ನಡುವಿನ 135 ವರ್ಷಗಳಲ್ಲಿ ಯುದ್ಧವೂ ಆಯಿತು, ಜಪ್ತಿಯೂ ಆಯಿತು. 1863ರ ಕಾಯ್ದೆಯೊಂದನ್ನು ಹಿಡಿದು ವೈಕಾತೊ ಸೀಮೆಯಲ್ಲಿ ಸುಮಾರು 12 ಲಕ್ಷ ಎಕರೆಯನ್ನು ‘ದಂಗೆಕೋರರ ಜಮೀನು’ ಎಂದು ಸರ್ಕಾರ ಕಿತ್ತುಕೊಂಡಿತು. ಆದರೆ ಕೋವಿಗಿಂತ ಹೆಚ್ಚು ನೆಲ ನುಂಗಿದ್ದು ಕೋರ್ಟು.

1865ರಲ್ಲಿ ಸ್ಥಾಪನೆಯಾದ ‘ನೇಟಿವ್ ಲ್ಯಾಂಡ್ ಕೋರ್ಟ್’ ಮಾಡಿದ ಕೆಲಸವನ್ನು ನಮ್ಮ ಹಳ್ಳಿಯವರು ಯಾರೂ ವಿವರಿಸದೆಯೇ ಅರ್ಥ ಮಾಡಿಕೊಳ್ಳಬಲ್ಲರು. ಮಾವೊರಿ ನೆಲ ಕುಲದ್ದು, ಒಬ್ಬನ ಹೆಸರಿನದ್ದಲ್ಲ. ಕೋರ್ಟು ಅದನ್ನು ಹೆಸರಿಗೆ ತಂದಿತು. ಅದೂ ಎಷ್ಟೇ ದೊಡ್ಡ ಕುಲವಿದ್ದರೂ ಹತ್ತು ಜನರ ಹೆಸರಿಗೆ ಮಾತ್ರ. ಉಳಿದ ನೂರಾರು ಮಂದಿ ಒಂದೇ ದಿನದಲ್ಲಿ ತಮ್ಮದೇ ನೆಲದಲ್ಲಿ ಪರಕೀಯರಾದರು. ಆ ಹತ್ತು ಜನ ಬೇಕಾದವರಿಗೆ ಮಾರಬಹುದಿತ್ತು. ಹಕ್ಕು ಸಾಬೀತುಮಾಡಬೇಕೆಂದರೆ ಮೊದಲು ಸರ್ವೆ, ಸರ್ವೆಗೆ ದುಡ್ಡು, ದುಡ್ಡಿಲ್ಲದಿದ್ದರೆ ಜಮೀನಿನ ಮೇಲೇ ಸಾಲ. ವಿಚಾರಣೆ ಯಾವುದೋ ದೂರದ ಪಟ್ಟಣದಲ್ಲಿ. ವಾರಗಟ್ಟಲೆ ಅಲ್ಲೇ ಬೀಡುಬಿಟ್ಟು, ಅಂಗಡಿಯವನ ಹತ್ತಿರ ಉದ್ರಿ ಮಾಡಿ, ವಕೀಲರಿಗೆ ಕೊಟ್ಟು, ಕೊನೆಗೆ ತೀರ್ಪು ತಮ್ಮ ಕಡೆಗೇ ಆದರೂ ಸಾಲ ತೀರಿಸಲು ಅದೇ ಜಮೀನನ್ನು ಮಾರಿ ಮನೆಗೆ ಬಂದವರುಂಟು. ಬ್ಯಾಜ್ಯಕ್ಕೆ ಬಿದ್ದು ಗೆದ್ದವನು ಸೋತ, ಸೋತವನು ಸತ್ತ ಎಂದು ನಮ್ಮಲ್ಲಿ ಹೇಳುವುದಿಲ್ಲವೇ, ಅದೇ.

ಉಳಿದ ನೆಲ ತಲೆಮಾರಿನಿಂದ ತಲೆಮಾರಿಗೆ ಹಂಚಿಹೋಯಿತು. ಮುತ್ತಜ್ಜನ ಹೆಸರಿನ ಪಹಣಿಗೆ ನೂರಾರು ಹಕ್ಕುದಾರರಿದ್ದಂತೆ ಒಂದೊಂದು ತುಂಡಿಗೆ ನೂರಾರು ಪಾಲುದಾರರು. ಬ್ಯಾಂಕು ಸಾಲ ಕೊಡುವುದಿಲ್ಲ, ಮನೆ ಕಟ್ಟಲು ಪರವಾನಗಿ ಸಿಗುವುದಿಲ್ಲ, ಕಂದಾಯ ಮಾತ್ರ ತಪ್ಪುವುದಿಲ್ಲ. ಈ ಸ್ಥಿತಿಯನ್ನು ಸೃಷ್ಟಿಸಿದ ಸರ್ಕಾರವೇ ‘ನಿಮ್ಮ ಜಮೀನು ಪಾಳುಬಿದ್ದಿದೆ, ನಿಮಗೆ ಬಳಸಲು ಬರುವುದಿಲ್ಲ’ ಎಂದು ಬುದ್ಧಿ ಹೇಳಲು ಬಂತು. 1967ರ ತಿದ್ದುಪಡಿ ಕಾಯ್ದೆ ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಪಾಲುದಾರರಿರುವ ಮಾವೊರಿ ಜಮೀನನ್ನು ಅವರ ಒಪ್ಪಿಗೆಯನ್ನೂ ಕೇಳದೆ ಸಾಮಾನ್ಯ ಜಮೀನಿನ ಪಟ್ಟಿಗೆ ಸೇರಿಸಿತು. ಅಂದರೆ ಮಾರಾಟದ ಬಾಗಿಲು ಪೂರಾ ತೆರೆಯಿತು. ಮಾವೊರಿಗಳು ಅದನ್ನು ಕೊನೆಯ ನೆಲಗಳ್ಳತನ ಎಂದೇ ಕರೆದರು. 1974ರಲ್ಲಿ ಲೇಬರ್ ಸರ್ಕಾರ ಅದರ ಮೊನಚು ಕಡಿಮೆ ಮಾಡಿತು, ನಿಜ. ಆದರೆ ಸಾರ್ವಜನಿಕ ಉದ್ದೇಶದ ಹೆಸರಿನ ಭೂಸ್ವಾಧೀನ, ಕಂದಾಯ ಬಾಕಿ, ನಗರ ಯೋಜನೆ ಎಂಬ ಬೇರೆ ದಾರಿಗಳು ಇದ್ದೇ ಇದ್ದವು.

ನಡಿಗೆ ಎಂಬ ಪ್ರತಿಭಟನೆ ಅವರು ಹೊರಗಿನಿಂದ ತಂದುಕೊಂಡದ್ದಲ್ಲ. ಗಾಂಧೀಜಿಗಿನ್ನೂ ಹತ್ತು ವರ್ಷ ತುಂಬುವ ಹೊತ್ತಿನಲ್ಲಿ, 1879ರಲ್ಲಿ, ತರನಾಕಿ ಸೀಮೆಯ ಪರಿಹಾಕ ಎಂಬ ಊರಿನಲ್ಲಿ ತೆ ವಿತಿ ಮತ್ತು ತೋಹು ಎಂಬಿಬ್ಬರು ಹಿರಿಯರು ಆಯುಧ ಮುಟ್ಟದ ಹೋರಾಟ ಹೂಡಿದ್ದರು. ಜಪ್ತಿಯಾದ ಹೊಲಕ್ಕೆ ಇವರ ಜನ ನೇಗಿಲು ಹೂಡಿ ಉಳುತ್ತಿದ್ದರು. ಪೊಲೀಸರು ಹಿಡಿದೊಯ್ದರೆ ಮಾರನೆಯ ದಿನ ಇನ್ನೊಂದು ತಂಡ ನೇಗಿಲು ಹಿಡಿಯುತ್ತಿತ್ತು. ಕಾಗೋಡು ಸತ್ಯಾಗ್ರಹದ ಕತೆ ಬಲ್ಲವರಿಗೆ ಇದು ಗುರುತಿನ ಚಿತ್ರ. 1881ರ ನವೆಂಬರ್ 5ರಂದು ಸುಮಾರು 1600 ಶಸ್ತ್ರಧಾರಿಗಳು ಪರಿಹಾಕಕ್ಕೆ ನುಗ್ಗಿದಾಗ ಎದುರಾದದ್ದು ಹಾಡುತ್ತ ಕುಣಿಯುತ್ತಿದ್ದ ಮಕ್ಕಳು, ಸೈನಿಕರಿಗೆಂದು ಸುಟ್ಟಿಟ್ಟ ರೊಟ್ಟಿ. ಊರು ನೆಲಸಮವಾಯಿತು. ಸರ್ಕಾರ ಅಧಿಕೃತವಾಗಿ ಕ್ಷಮೆ ಕೇಳಿದ್ದು 2017ರಲ್ಲಿ.

ನೆಲಕ್ಕೆ ತಾಗದ ಕಂಬ

1975ರ ಸೆಪ್ಟೆಂಬರ್ 14. ದೇಶದ ಉತ್ತರ ತುದಿಯ ತೆ ಹಾಪುವಾ ಎಂಬ ಸಣ್ಣ ಊರಿನಿಂದ ಐವತ್ತರಷ್ಟು ಜನ ಹೊರಟರು. ಹೋಗಬೇಕಾದದ್ದು ಸುಮಾರು ಸಾವಿರ ಕಿಲೊಮೀಟರ್ ದೂರದ ವೆಲಿಂಗ್ಟನ್‌ಗೆ. ಸಂಘಟನೆಯ ಹೆಸರು ‘ತೆ ರೋಪು ಒ ತೆ ಮಟಕಿತೆ’, ಮುಂದಣದ್ದನ್ನು ಕಾಣಬಲ್ಲವರ ಕೂಟ. ಅದರಲ್ಲಿ ಕುಲದ ಹಿರಿಯರಿದ್ದರು, ಆಕ್ಲೆಂಡಿನ ವಿಶ್ವವಿದ್ಯಾಲಯದ ಸುತ್ತ ಬೆಳೆದ ‘ನ್ಗಾ ತಮತೋವಾ’ ಎಂಬ ಬಿಸಿರಕ್ತದ ತರುಣರ ಗುಂಪಿತ್ತು, ಕಾರ್ಮಿಕ ಸಂಘದವರಿದ್ದರು. ಒಬ್ಬರನ್ನೊಬ್ಬರು ಅಷ್ಟಾಗಿ ನಂಬದ ಈ ಜನರನ್ನೆಲ್ಲ ಒಂದೇ ದಾರಿಯಲ್ಲಿ ನಡೆಸಲು ಎಲ್ಲರೂ ‘ಅಜ್ಜಿ’ ಎನ್ನಬಹುದಾದ ಒಬ್ಬರು ಬೇಕಿತ್ತು. ಮೂರು ವರ್ಷದ ಮೊಮ್ಮಗಳ ಕೈ ಹಿಡಿದು ಮಣ್ಣುರಸ್ತೆಯಲ್ಲಿ ಕೋಲೂರಿ ಹೊರಟ ಫೀನಾ ಕೂಪರ್ ಅವರ ಬೆನ್ನಿನ ಚಿತ್ರ ಆ ದೇಶದ ಅತ್ಯಂತ ಪರಿಚಿತ ಛಾಯಾಚಿತ್ರಗಳಲ್ಲೊಂದು. ಅವರ ಊರಾದ ಪಂಗುರುವಿನಲ್ಲಿ 2020ರಲ್ಲಿ ಅದೇ ಭಂಗಿಯ ಕಂಚಿನ ಪ್ರತಿಮೆ ನಿಂತಿದೆ.

ಮೆರವಣಿಗೆಯ ಮುಂದೆ ಕೆತ್ತನೆಯ ಒಂದು ಕಂಬ. ಗಡಿಯನ್ನೂ ಒಡೆತನವನ್ನೂ ಸಾರುವ ಇಂಥ ಕಂಬವನ್ನು ನೆಲದಲ್ಲಿ ನೆಡುವುದು ವಾಡಿಕೆ. ಇದನ್ನು ಮಾತ್ರ ವೆಲಿಂಗ್ಟನ್ ಮುಟ್ಟುವ ತನಕ ಎಲ್ಲೂ ನೆಲಕ್ಕೆ ತಾಗಿಸಬಾರದೆಂದು ಕಟ್ಟಳೆ. ತಮ್ಮದೆನ್ನಲು ನೆಲವೇ ಉಳಿದಿಲ್ಲದವರು ಅದನ್ನು ಊರುವುದಾದರೂ ಎಲ್ಲಿ? ಕೈಯಿಂದ ಕೈಗೆ ದಾಟಿಸುತ್ತ ಹೊತ್ತು ತಂದರು. ಘೋಷಣೆಯೂ ಚಿಕ್ಕದು: ಮಾವೊರಿ ನೆಲದಲ್ಲಿ ಇನ್ನೊಂದು ಎಕರೆಯೂ ಇಲ್ಲ.

ಸೆಪ್ಟೆಂಬರ್ 23ರಂದು ಆಕ್ಲೆಂಡಿನ ಬಂದರು ಸೇತುವೆಯನ್ನು ದಾಟುವ ಹೊತ್ತಿಗೆ ಸಾಲು ಉದ್ದವಾಗಿತ್ತು. ಪತ್ರಿಕೆಗಳ ಗಮನ ಹರಿದದ್ದು ಇಂಥ ದೃಶ್ಯಗಳ ಮೇಲೆ. ನನ್ನ ಮಟ್ಟಿಗೆ ಆ ಯಾತ್ರೆಯ ನಿಜವಾದ ಕೆಲಸ ನಡೆದದ್ದು ಹಗಲಲ್ಲಿ ಅಲ್ಲ, ರಾತ್ರಿ. ದಾರಿಯುದ್ದಕ್ಕೂ 25 ‘ಮರಾಯೆ’ಗಳಲ್ಲಿ ತಂಗಿದರು. ಮರಾಯೆ ಎಂದರೆ ಕುಲದವರು ಸೇರುವ ಅಂಗಳ, ಸಭಾಮನೆ. ಮದುವೆ, ಸಾವು, ಪಂಚಾಯ್ತಿ ಎಲ್ಲ ನಡೆಯುವ ಜಾಗ. ಬಂದವರಿಗೆ ಆತಿಥೇಯ ಕುಲದ ಹೆಂಗಸರ ಸ್ವಾಗತದ ಕರೆ, ಊಟ, ಆಮೇಲೆ ಮಾತು. ನಿಮ್ಮ ಕಡೆ ಜಮೀನು ಹೇಗೆ ಹೋಯಿತು? ನಮ್ಮ ಕಡೆ ಹೀಗೆ. ಗಾಲ್ಫ್ ಮೈದಾನಕ್ಕೆ ಹೋದದ್ದು, ವಿಮಾನ ಇಳಿಯುವ ಪಟ್ಟಿಗೆ ಹೋದದ್ದು, ಕಂದಾಯ ಬಾಕಿಗೆ ಹೋದದ್ದು. ತಮ್ಮ ಮನೆತನದ ದುರದೃಷ್ಟ, ತಮ್ಮ ಅಜ್ಜನ ದಡ್ಡತನ ಎಂದುಕೊಂಡಿದ್ದದ್ದು ಇಡೀ ದೇಶದಲ್ಲಿ ಒಂದೇ ವಿಧಾನದಲ್ಲಿ ನಡೆದಿದೆ ಎಂದು ಜನ ತಿಳಿದುಕೊಂಡದ್ದು ಆ ರಾತ್ರಿಗಳಲ್ಲಿ. ಬಸ್ಸಿನಲ್ಲಿ ಹೋಗಿ ಮನವಿಪತ್ರ ಕೊಟ್ಟು ಬಂದಿದ್ದರೆ ಇದಾಗುತ್ತಿರಲಿಲ್ಲ. ಸಹಿಗಳೂ ಅಲ್ಲೇ ಬಿದ್ದವು. ಕುಲದ ಹಿರಿಯರು ಸಹಿ ಹಾಕುವ ಹಕ್ಕೊತ್ತಾಯ ಪತ್ರ ಒಂದು, ಜನಸಾಮಾನ್ಯರ ಮನವಿ ಇನ್ನೊಂದು. ಉಳಿದ ನೆಲದ ಮೇಲಿನ ಅಧಿಕಾರ ಶಾಶ್ವತವಾಗಿ ಕುಲಗಳಲ್ಲೇ ಇರಬೇಕು, ಅದನ್ನು ಕಸಿಯಲು ಆಸ್ಪದ ಕೊಡುವ ಕಾಯ್ದೆಗಳು ಹೋಗಬೇಕು ಎಂಬುದು ತಿರುಳು.

ಅಕ್ಟೋಬರ್ 13ರಂದು ಸುಮಾರು 5000 ಜನ ಸಂಸತ್ತಿನ ಮುಂದೆ ಬಂದು ನಿಂತರು. 60,000 ಸಹಿಗಳ ಮನವಿಯನ್ನು ಫೀನಾ ಕೂಪರ್ ಪ್ರಧಾನಿ ಬಿಲ್ ರೌಲಿಂಗ್ ಕೈಗಿತ್ತರು. ಪ್ರಧಾನಿ ಸ್ವೀಕರಿಸಿದರು. ಅಲ್ಲಿಗೆ ಯಾತ್ರೆ ಮುಗಿಯಿತೆಂದು ಅಜ್ಜಿಯ ಲೆಕ್ಕ. ಆದರೆ ಸುಮಾರು 60 ಜನ ಅಲ್ಲೇ ಡೇರೆ ಹಾಕಿ ‘ಮಾವೊರಿ ರಾಯಭಾರ ಕಚೇರಿ’ ಎಂದು ಧರಣಿ ಕೂತರು. ಫೀನಾ ಅದನ್ನು ಒಪ್ಪಲಿಲ್ಲ. ಹೇಳಿದ ಕೆಲಸ ಮುಗಿಸಿ ಮನೆಗೆ ಹೋಗಬೇಕು ಎಂಬುದು ಅವರ ಪಟ್ಟು. ಒಡಕು ಬಹಿರಂಗವಾಯಿತು. ವರ್ಷದ ಕೊನೆಗೆ ಚುನಾವಣೆಯಲ್ಲಿ ಸರ್ಕಾರ ಬದಲಾಗಿ ರಾಬರ್ಟ್ ಮಲ್ಡೂನ್ ಬಂದರು, ಡೇರೆ ಕಿತ್ತರು. ಪತ್ರಿಕೆಗಳ ಪಾಲಿಗೆ ಕತೆ ಮುಗಿದಿತ್ತು.

ಹಿರಿಯರು ಮೆತ್ತಗಾದರು, ಕಿರಿಯರು ಅವಸರಪಟ್ಟರು ಎಂದು ಈಗಲೂ ಎರಡು ಕಡೆಯಿಂದ ವಾದ ಕೇಳಿಬರುತ್ತದೆ. ಹೋರಾಟಗಳ ಒಡಕನ್ನು ನಾವೂ ಸಾಕಷ್ಟು ಕಂಡವರು. ಆದರೆ ಇಲ್ಲಿ ಒಡೆದ ತುಂಡುಗಳು ಸುಮ್ಮನಿರಲಿಲ್ಲ ಎಂಬುದೇ ವಿಶೇಷ.

ನಡೆದವರು ಮುಂದೇನು ಮಾಡಿದರು

ಯಾತ್ರೆಯಲ್ಲಿದ್ದ ಜೋ ಹಾಕ್ ಆಕ್ಲೆಂಡಿನ ಒರಾಕೇ ಕುಲದವರು. ಸಮುದ್ರಕ್ಕೆ ಮುಖ ಮಾಡಿದ ಅವರ ಕುಲದ ಜಮೀನನ್ನು ಸರ್ಕಾರ ಕೊಂಡದ್ದೋ ಸ್ವಾಧೀನಪಡಿಸಿಕೊಂಡದ್ದೋ ಆಗುತ್ತ ಬಂದು, 1950ರ ದಶಕದ ಆರಂಭದಲ್ಲಿ ಬ್ರಿಟಿಷ್ ರಾಣಿಯ ಭೇಟಿಗೆ ಮುಂಚೆ ಅವರ ಹಳ್ಳಿಯನ್ನೇ ಖಾಲಿ ಮಾಡಿಸಿ ಸುಟ್ಟುಹಾಕಲಾಯಿತು. ಉಳಿದದ್ದು ಕಾಲು ಎಕರೆಯ ಸ್ಮಶಾನ. ಅದರ ಮೇಲಿನ ಬ್ಯಾಸ್ಟಿಯನ್ ಪಾಯಿಂಟ್ ಗುಡ್ಡದಲ್ಲಿ ಶ್ರೀಮಂತರಿಗೆ ಬಡಾವಣೆ ಮಾಡುವ ಯೋಜನೆ ಬಂದಾಗ, 1977ರ ಜನವರಿ 5ರಂದು ಜೋ ಹಾಕ್ ಮತ್ತು ಸಂಗಡಿಗರು ಅಲ್ಲಿ ಬೀಡುಬಿಟ್ಟರು. 506 ದಿನ ಕದಲಲಿಲ್ಲ. 1978ರ ಮೇ 25ರಂದು ಸೈನ್ಯದ ವಾಹನಗಳೊಂದಿಗೆ ಪೊಲೀಸರು ಬಂದು 222 ಜನರನ್ನು ಬಂಧಿಸಿದರು. ಅದೇ ವರ್ಷ, ಯಾತ್ರೆಯ ಇನ್ನೊಬ್ಬ ನಡಿಗೆಗಾರ್ತಿ ಈವಾ ರಿಕಾರ್ಡ್ ರಾಗ್ಲನ್ ಊರಿನ ಗಾಲ್ಫ್ ಮೈದಾನದಲ್ಲಿ ಬಂಧನಕ್ಕೊಳಗಾದರು. ಎರಡನೇ ಮಹಾಯುದ್ಧದಲ್ಲಿ ವಿಮಾನ ನಿಲ್ದಾಣಕ್ಕೆಂದು ಕುಲದವರಿಂದ ಪಡೆದ ಆ ಜಮೀನನ್ನು ಯುದ್ಧ ಮುಗಿದ ಮೇಲೆ ಹಿಂದಿರುಗಿಸದೆ ಗಾಲ್ಫ್ ಕ್ಲಬ್ಬಿಗೆ ಕೊಡಲಾಗಿತ್ತು. ಕುಲದ ಸಮಾಧಿಗಳಿದ್ದ ನೆಲದಲ್ಲಿ ಚೆಂಡಾಟ. ಎರಡೂ ಜಮೀನುಗಳು 1980ರ ದಶಕದಲ್ಲಿ ಕುಲದವರಿಗೆ ಮರಳಿದವು.

ಕಾನೂನಿನ ಕತೆ ಇದಕ್ಕೆ ಸಮಾನಾಂತರ. ಯಾತ್ರೆ ರಾಜಧಾನಿ ತಲುಪುವುದಕ್ಕೆ ಮೂರು ದಿನ ಮುಂಚೆ, ಅಕ್ಟೋಬರ್ 10ರಂದು, ಮಾವೊರಿ ವ್ಯವಹಾರಗಳ ಮಂತ್ರಿ ಮಟಿಯು ರಾಟಾ ಅವರ ಪ್ರಯತ್ನದಿಂದ ವೈತಂಗಿ ಒಪ್ಪಂದ ಕಾಯ್ದೆ ಜಾರಿಯಾಗಿ ಒಂದು ನ್ಯಾಯಮಂಡಳಿ ಹುಟ್ಟಿತು. ಆದರೆ ಅದು ವಿಚಾರಿಸಬಹುದಾಗಿದ್ದದ್ದು 1975ರ ನಂತರದ ಅನ್ಯಾಯಗಳನ್ನು ಮಾತ್ರ! ಕಳ್ಳತನ ಪೂರ್ತಿಯಾದ ಮೇಲೆ ಕಾವಲುಗಾರನನ್ನು ನೇಮಿಸಿದ ಹಾಗೆ. ಹತ್ತು ವರ್ಷದ ಧರಣಿ, ಬಂಧನ, ವಾದಗಳ ನಂತರ, 1985ರಲ್ಲಿ ಅದರ ವ್ಯಾಪ್ತಿ 1840ರ ತನಕ ಹಿಂದಕ್ಕೆ ಚಾಚಿತು. ಬ್ಯಾಸ್ಟಿಯನ್ ಪಾಯಿಂಟ್ ಕುರಿತ ನ್ಯಾಯಮಂಡಳಿಯ ವರದಿ 1987ರಲ್ಲಿ ಬಂದು, ಮರುವರ್ಷ ಜಮೀನು ಮರಳಿಸಲು ಸರ್ಕಾರ ಒಪ್ಪಿತು. ವೈಕಾತೊ ಕುಲದೊಂದಿಗೆ 1995ರಲ್ಲಿ, ದಕ್ಷಿಣ ದ್ವೀಪದ ನ್ಗಾಯಿ ತಾಹು ಕುಲದೊಂದಿಗೆ 1998ರಲ್ಲಿ ತಲಾ 17 ಕೋಟಿ ನ್ಯೂಜಿಲೆಂಡ್ ಡಾಲರುಗಳ ಇತ್ಯರ್ಥ ಆಯಿತು. ಕಳೆದುಕೊಂಡದ್ದರ ಬೆಲೆಗೆ ಹೋಲಿಸಿದರೆ ಇದು ಬಹಳ ಸಣ್ಣ ಪಾಲು. ವೈಕಾತೊ ಇತ್ಯರ್ಥದ ಕಾಯ್ದೆಗೆ ಎರಡನೇ ಎಲಿಜಬೆತ್ ರಾಣಿ ಖುದ್ದಾಗಿ ಸಹಿ ಹಾಕಿದರು. ಅದರಲ್ಲಿ ಕ್ಷಮಾಯಾಚನೆಯ ಮಾತಿತ್ತು. ಬ್ರಿಟಿಷ್ ಸಿಂಹಾಸನದಿಂದ ಅಂಥ ಮಾತು ಹೊರಟದ್ದು ಅಪರೂಪ. ಜಲಿಯನ್‌ವಾಲಾ ಬಾಗ್‌ಗೆ ಅದೇ ಮಾತನ್ನು ಕೇಳಿ ಕೇಳಿ ಸುಸ್ತಾದ ನಮಗಿದು ಗೊತ್ತು.

ಫೀನಾ ಕೂಪರ್ 1994ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಅದಕ್ಕೆ ಒಂದು ವರ್ಷ ಮುಂಚೆ, 1993ರಲ್ಲಿ, ಮಾವೊರಿ ನೆಲದ ಹೊಸ ಕಾಯ್ದೆ ಬಂದಿತ್ತು. ನೆಲ ಎಂಬುದು ಮಾರುಕಟ್ಟೆಯ ಸರಕಲ್ಲ, ತಲೆಮಾರುಗಳ ನಿಧಿ ಎಂದು ಒಪ್ಪಿಕೊಂಡ ಕಾಯ್ದೆ ಅದು. ಕುಲದ ಹೊರಗಿನವರಿಗೆ ಮಾರುವುದನ್ನು ತೀರಾ ಕಷ್ಟವಾಗಿಸಿತು. ದುರ್ಬಲರ ಜಮೀನಿಗೆ ‘ಮಾರುವ ಸ್ವಾತಂತ್ರ್ಯ’ವೇ ಉರುಳು ಎಂಬ ತಿಳಿವಳಿಕೆ ನಮಗೂ ಹೊಸದಲ್ಲ. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧಿಸುವ ಕರ್ನಾಟಕದ 1978ರ ಪಿಟಿಸಿಎಲ್ ಕಾಯ್ದೆಯ ಹಿಂದೆ ಇದ್ದದ್ದೂ ಇದೇ. ಅದು ಕೋರ್ಟುಗಳಲ್ಲಿ ಹೇಗೆ ಸವೆಯಿತು, 2023ರಲ್ಲಿ ಮತ್ತೆ ತಿದ್ದುಪಡಿ ಏಕೆ ಬೇಕಾಯಿತು ಎಂಬುದು ಬೇರೆಯೇ ಲೇಖನದ ವಸ್ತು.

ಕುರಿ ಮತ್ತು ಮಸೂದೆ

ಗೆದ್ದದ್ದು ಗೆದ್ದಂತೆ ಉಳಿಯುವುದಿಲ್ಲ. 2003ರಲ್ಲಿ ಮೇಲ್ಮನವಿ ನ್ಯಾಯಾಲಯ, ಕರಾವಳಿಯ ಅಲೆಬಯಲು ಮತ್ತು ಕಡಲತಳದ ಮೇಲೂ ಮಾವೊರಿಗಳು ತಮ್ಮ ಹಕ್ಕನ್ನು ಕೋರ್ಟಿನಲ್ಲಿ ಸಾಬೀತುಪಡಿಸಲು ಅವಕಾಶವಿದೆ ಎಂದಿತು. ಹಕ್ಕಿದೆ ಎಂದೂ ಅಲ್ಲ, ಕೇಳಬಹುದು ಎಂದಷ್ಟೆ. ಅದಕ್ಕೇ ಹೆದರಿದ ಹೆಲೆನ್ ಕ್ಲಾರ್ಕ್ ನೇತೃತ್ವದ ಲೇಬರ್ ಸರ್ಕಾರ ಕರಾವಳಿಯನ್ನೆಲ್ಲ ಸರ್ಕಾರದ್ದೆಂದು ಘೋಷಿಸುವ ಮಸೂದೆ ತಂದಿತು. ಅದನ್ನು ವಿರೋಧಿಸುವ ಹೀಕೊಯಿಯಲ್ಲಿ 2004ರ ಮೇ 5ರಂದು ಸುಮಾರು 15,000 ಜನ ವೆಲಿಂಗ್ಟನ್ ತಲುಪಿದರು. ಪ್ರಧಾನಿ ಅವರನ್ನು ಭೇಟಿಯಾಗಲಿಲ್ಲ. ಆ ದಿನಗಳಲ್ಲಿ ಅವರು ಫೋಟೊಗೆ ನಿಂತದ್ದು ಶ್ರೆಕ್ ಎಂಬ ಪ್ರಖ್ಯಾತ ಕುರಿಯ ಜೊತೆ. ವರ್ಷಗಟ್ಟಲೆ ಉಣ್ಣೆ ಕತ್ತರಿಸಿಕೊಳ್ಳದೆ ತಪ್ಪಿಸಿಕೊಂಡು ಓಡಾಡಿದ್ದ ಕುರಿ ಅದು. ಪ್ರಜೆಗಳಿಗಿಂತ ಕುರಿ ಮೇಲಾಯಿತೇ ಎಂಬ ಮಾತನ್ನು ಮಾವೊರಿಗಳು ಇನ್ನೂ ಮರೆತಿಲ್ಲ. ಲೇಬರ್ ಪಕ್ಷದ ಮಂತ್ರಿಯಾಗಿದ್ದ ತರಿಯಾನಾ ತುರಿಯಾ ರಾಜೀನಾಮೆ ಕೊಟ್ಟು ಹೊರಬಂದು ಮಾವೊರಿ ಪಕ್ಷ ಕಟ್ಟಿದರು. ಕಾಯ್ದೆ ಆ ವರ್ಷ ಪಾಸಾಯಿತು, 2011ರಲ್ಲಿ ರದ್ದಾಗಿ ಬೇರೊಂದು ಬಂತು.

ಇನ್ನು 2024. ಆಡಳಿತ ಮೈತ್ರಿಕೂಟದ ಚಿಕ್ಕ ಪಾಲುದಾರ ಆ್ಯಕ್ಟ್ ಪಕ್ಷದ ಡೇವಿಡ್ ಸೀಮೋರ್, ತಾವೂ ಮಾವೊರಿ ಮೂಲದವರೇ, ಒಂದು ಮಸೂದೆ ತಂದರು. ಐವತ್ತು ವರ್ಷಗಳಿಂದ ನ್ಯಾಯಮಂಡಳಿ, ನ್ಯಾಯಾಲಯಗಳು ಬಿಡಿಸಿ ಹೇಳಿದ್ದ ವೈತಂಗಿ ಒಪ್ಪಂದದ ತತ್ವಗಳನ್ನು ಹೊಸದಾಗಿ ವ್ಯಾಖ್ಯಾನಿಸುವ ಮಸೂದೆ. ‘ಎಲ್ಲರೂ ಕಾನೂನಿನ ಮುಂದೆ ಸಮಾನರು’ ಎಂಬುದು ಅದರ ಹೊದಿಕೆ. ಕೇಳಲು ಹಿತವಾದ ಮಾತು. ಆದರೆ ಒಬ್ಬನ ಹೊಲವನ್ನು ಕಾನೂನು ಮಾಡಿಯೇ ಕಿತ್ತುಕೊಂಡು, ಇಂದಿನಿಂದ ಎಲ್ಲರೂ ಸಮಾನರು ಎಂದರೆ ಹೊಲ ಯಾರ ಹತ್ತಿರ ಉಳಿಯಿತು? ಸಂಸದೆ ಹರಿದದ್ದು ಇದೇ ಕಾಗದವನ್ನು. ಒಂಬತ್ತು ದಿನಗಳ ಹೀಕೊಯಿ ನವೆಂಬರ್ 19ರಂದು ಸಂಸತ್ತನ್ನು ತಲುಪಿದಾಗ ಪೊಲೀಸರ ಅಂದಾಜಿನಂತೆ 42,000 ಜನರಿದ್ದರು. ಇಡೀ ದೇಶದ ಜನಸಂಖ್ಯೆಯೇ 50 ಲಕ್ಷ ಚಿಲ್ಲರೆ. ಅದರಲ್ಲಿ ಮಾವೊರಿಗಳು ನೂರಕ್ಕೆ 18ರಷ್ಟು. ಸಾಲಿನಲ್ಲಿ ಬಿಳಿಯರೂ ಇದ್ದರು, ಬೇರೆ ನಾಡುಗಳಿಂದ ವಲಸೆ ಬಂದವರೂ ಇದ್ದರು. ಸಂಸದೀಯ ಸಮಿತಿಗೆ ಬಂದ ಅಭಿಪ್ರಾಯಗಳು ಮೂರು ಲಕ್ಷ ದಾಟಿದವು, ನೂರಕ್ಕೆ ತೊಂಬತ್ತು ವಿರೋಧ. 2025ರ ಏಪ್ರಿಲ್ 10ರಂದು ಮಸೂದೆ 112-11 ಮತಗಳಿಂದ ಬಿದ್ದುಹೋಯಿತು. ಪರವಾಗಿ ಬಿದ್ದದ್ದು ಆ್ಯಕ್ಟ್ ಪಕ್ಷದ ಹನ್ನೊಂದು ಮತ ಮಾತ್ರ. ಹಾಕಾ ಮಾಡಿದ ಸಂಸದೆಗೆ ಏಳು ದಿನ, ಅವರ ಪಕ್ಷದ ಇಬ್ಬರು ನಾಯಕರಿಗೆ 21 ದಿನ ಅಮಾನತಿನ ಶಿಕ್ಷೆ ಆ ನಂತರ ಬಂತು.

ಹಾಗಾದರೆ ಈ ನಡಿಗೆಗಳು ಗೆದ್ದವೇ? 1975ರಲ್ಲಿ ಫೀನಾ ಕೂಪರ್ ಕೇಳಿದ್ದು ಹೋದದ್ದೆಲ್ಲ ಬರಲಿ ಎಂದಲ್ಲ, ಇರುವುದು ಹೋಗದಿರಲಿ ಎಂದು. ಆ ಅಳತೆಯಲ್ಲಿ ನೋಡಿದರೆ ಗೆದ್ದವು. ಆದರೆ ಮಾವೊರಿ ಒಡೆತನದಲ್ಲಿ ಇಂದು ಇರುವ ಕುಲದ ನೆಲ ಸುಮಾರು 14 ಲಕ್ಷ ಹೆಕ್ಟೇರ್. ಅದು ದೇಶದ ನೆಲದಲ್ಲಿ ನೂರಕ್ಕೆ ಐದರ ಆಸುಪಾಸು, 1975ರಲ್ಲಿ ಇದ್ದಷ್ಟೇ.